ಸೇವಂತಿಯ ರೆಪ್ಪೆ

ದಹಿಸರ್ ಸ್ಟೇಷನ್ ದಾಟಿದರೆ ಆಗ ಬರೀ ಕತ್ತಲು... ಐವತ್ತನಾಲ್ಕನೇ ಇಸವಿಯ ಮಾತು. ಎಣ್ಣೆಬಣ್ಣದಲ್ಲಿ ಜನರ ಮುಖ ಬರೆಯುವ ನಮ್ಮ ಧಾರವಾಡದ ಸಿದ್ದಲಿಂಗಪ್ಪ ಕೊನೆಯ ಲೋಕಲ್ ರೈಲು ಇಳಿದು, ಆಲದ ಮರದ ಕೆಳಗಿನ ಪಾಚಿಗಟ್ಟಿದ ಬಾವಿಯ ಪಕ್ಕ ಹಾದು ಮನೆಗೆ ಹೊರಟಿದ್ದ.

ತೊಟ್... ತೊಟ್... ಒದ್ದೆ ಸೀರೆಯಿಂದ ಕಲ್ಲಿನ ಮೇಲೆ ನೀರು ಬೀಳುವ ಸದ್ದು. ಆಮೇಲೆ ಗಾಜಿನ ಬಳೆ ತಾಗಿದ ಸದ್ದು.

“ಯಾರವ್ವಾ ಅದು?”

“ಕಣ್ಣು ಬರೀಬೇಡಿ...” ಕಿವಿಯ ಪಕ್ಕದಲ್ಲೇ ಪಿಸುಮಾತು. “ಕಣ್ಣು ಬಿಟ್ಟರೆ ಅವರನ್ನೇ ನೋಡ್ಬೇಕಲ್ಲ...”

ಸಿದ್ದಲಿಂಗಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿದ. ಯಾರ ಕಣ್ಣು ಅಂತ ಅವನಿಗೆ ಗೊತ್ತಿತ್ತು.

ವಿಲೆ ಪಾರ್ಲೆಯಲ್ಲಿ ಹೋಟೆಲಿಟ್ಟಿದ್ದ ಉಡುಪಿಯ ಕೊರಗಪ್ಪನ ಮನೆ ಆ ಬಾವಿಯ ಹಿಂದೆಯೇ. ಹೆಂಡತಿ ಸೇವಂತಿ ಕಾಲು ಜಾರಿ ಅದರೊಳಗೆ ಬಿದ್ದು ಸತ್ತಳು ಅಂತ ಅವನೇ ಹೇಳಿದ್ದ. ಇದ್ದದ್ದು ಒಂದೇ ಫೋಟೊ, ಹೆಣ ಮೇಲೆತ್ತಿದ ಮೇಲೆ ತೆಗೆದದ್ದು. ಅದನ್ನು ನೋಡಿ, ಕಣ್ಣು ಬಿಟ್ಟ ಚಿತ್ರ ಬರೆಯಬೇಕು ಅಂತ ಸಿದ್ದಲಿಂಗಪ್ಪನಿಗೆ ಹೇಳಿದ್ದ. ಮೊದಲು ಕಂದು ನೆರಳು, ಅದು ಆರಿದ ಮೇಲೆ ತೆಳ್ಳಗೆ ಮೈಬಣ್ಣ, ಅದರ ಮೇಲೆ ಇನ್ನೊಂದು ಪದರ... ಎಲ್ಲ ಮುಗಿದಿತ್ತು. ಕಣ್ಣಷ್ಟೇ ಬಾಕಿ.

ಮರುದಿನ ಕೊರಗಪ್ಪನ ಮನೆಯಲ್ಲಿ ಚಿತ್ರದ ಮುಂದೆ ಕೂತು ಮೆಲ್ಲಗೆ ಕೇಳಿದ. “ಸಾವ್ಕಾರ್ರ, ಕಣ್ಣು ಕೆಳಗ ನೋಡೂ ಹಂಗ ಬರೀಲೇನ್ರಿ?”

“ಎಂತ ಮಾರಾಯ್ರೆ! ಅವಳು ನನ್ನನ್ನೇ ನೋಡ್ತಾ ಇರ್ಬೇಕು.”

ಬರೆದ. ಕಡೆಗೆ ಪಾಪೆಯ ಮೇಲೆ ಬಿಳಿ ಚುಕ್ಕಿ ಇಟ್ಟ. ಮುಖಕ್ಕೆ ಜೀವ ಬಂತು. ಹಿಂದೆ ಯಾರೋ ಉಸಿರೆಳೆದುಕೊಂಡ ಹಾಗಾಯಿತು...

ಬೆಳಿಗ್ಗೆ ಕೊರಗಪ್ಪ ಹೇಳಿ ಕಳಿಸಿದ. ಹೋಗಿ ನೋಡಿದರೆ ಚಿತ್ರದಲ್ಲಿ ರೆಪ್ಪೆ ಮುಚ್ಚಿತ್ತು. ಸಿದ್ದಲಿಂಗಪ್ಪ ಬೆರಳಿಟ್ಟ. ಒಣಗಿದ ಬಣ್ಣ! ಎಣ್ಣೆಬಣ್ಣ ಒಂದು ರಾತ್ರಿಯಲ್ಲಿ ಆರುವುದಿಲ್ಲ.

“ಕೆರೆದು ತೆಗೀರಿ!”

“ನನ್ನ ಕೈಲೆ ಆಗೂದಿಲ್ರಿ. ಆಕಿ ಬ್ಯಾಡ ಅಂದಾಳ.”

ಕೊರಗಪ್ಪ ಬಿಳಿಚಿಕೊಂಡ. ಆದರೂ ಬಣ್ಣ ಕೆರೆಯುವ ಚೂರಿ ಕಸಿದುಕೊಂಡು ತಾನೇ ನಿಂತ. ಕರ್ರ್... ಕರ್ರ್... ರೆಪ್ಪೆ ಸಿಪ್ಪೆ ಸಿಪ್ಪೆಯಾಗಿ ಉದುರಿತು. ಅದರಡಿಯಲ್ಲಿ ನಿನ್ನೆ ಬರೆದ ಕಣ್ಣು, ತೆರೆದೇ ಇತ್ತು. ಇನ್ನೂ ಹಸಿ. ಅದು ಅವನನ್ನು ನೋಡಿತು.

ಚೂರಿ ಠಣ್ಣನೆ ನೆಲಕ್ಕೆ ಬಿತ್ತು.

“ನಾನು ನೂಕಿದ್ದಲ್ಲ,” ಎಂದ ಕೊರಗಪ್ಪ. ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ಆ ಹೊತ್ತಿನಿಂದ ಅವನ ಕಣ್ಣು ಮುಚ್ಚಲಿಲ್ಲ. ಡಾಕ್ಟರು ಬಂದರು, ಊರಿಂದ ಮಂತ್ರವಾದಿ ಬಂದ... ರೆಪ್ಪೆ ಇಳಿಯಲೇ ಇಲ್ಲ. ರಾತ್ರಿ ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿ ಮಲಗಿಸುತ್ತಿದ್ದರು. ಮಳೆಗಾಲ ಕಳೆಯುವ ಮೊದಲೇ ಸತ್ತ. ಹಾಗೇ ಬಿಟ್ಟ ಕಣ್ಣಲ್ಲೇ ಸುಟ್ಟರು.

ಕಟ್ಟುಕತೆಯಲ್ಲ... ಸಿದ್ದಲಿಂಗಪ್ಪ ಹೆತ್ತವ್ವನ ಆಣೆ ಇಟ್ಟು ಹೇಳಿದ್ದು. ರೆಪ್ಪೆ ಕೆರೆದ ದಿನ ಮನೆಗೆ ಬಂದು ಬ್ರಷ್ ತೊಳೆಯೋಣ ಅಂತ ಬಣ್ಣ ಕರಗಿಸುವ ಟರ್ಪೆಂಟೈನ್ ಬಾಟಲಿಯ ಬಿರಡೆ ತೆಗೆದನಂತೆ. ವಾಸನೆಯೇ ಇಲ್ಲ. ಬಗ್ಗಿಸಿದರೆ ತಣ್ಣನೆ ನೀರು. ಅದರಲ್ಲಿ ಒಂದೆಳೆ ಹಸಿರು ಪಾಚಿ.