ಏಳನೇ ಹಾಡಿನ ಮಂತ್ರ

ಗೋವಾದ ಪರ್ವರಿಯ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಮನೆಗೆಲಸದ ಹೆಂಗಸರು ನಿಂತಿದ್ದರು. ಚಿಕ್ಕವಳು ತನ್ನ ಮೊಬೈಲನ್ನು ದೊಡ್ಡವಳ ಕಿವಿಗೆ ಹಿಡಿದಳು.

“ಗುರುಬಾಯಕ್ಕಾರ, ನೀವು ಕೆಲಸಾ ಮಾಡೋ ಬಂಗ್ಲಾದಾಗ ಹಾಡು ರೆಕಾರ್ಡ್ ಮಾಡ್ಕೋಂತ ಎರಡು ತಿಂಗಳು ಇದ್ರಲ್ಲ, ಆ ಲಂಡನ್ ರಾಕ್ ಬ್ಯಾಂಡಿನವ್ರು, ಅವ್ರ ಹೊಸಾ ಆಲ್ಬಂ ಬಂದೈತ್ರಿ. ಏಳನೇ ಹಾಡಿನ್ಯಾಗ ನಿಮ್ಮ ದನಿ ಐತಿ!”

“ನಾ ಯಾವಾಗ ಹಾಡೇನವಾ ವಿದ್ಯಾ?”

“ಹಾಡಿಲ್ರಿ, ಬೈದೀರಿ. ‘ಮುಕಳಿ ಮ್ಯಾಲ ಮಾಡಿ ಮಕ್ಕೊಂಡೀರಲ್ಲ, ಎದ್ದು ತಾಟು ತೊಳೀರಲೇ!’”

“ಅಯ್ಯ! ಮಧ್ಯಾಹ್ನ ಹನ್ನೆರಡಾದ್ರೂ ಏಳ್ತಿರಲಿಲ್ಲ ಖೋಡಿಗೋಳು. ಮೈಕು ಚಾಲೂ ಇತ್ತನ?”

“ಇದ್ದಿರಬೇಕ್ರಿ. ಹಾಡಿನ ಕೆಳಗ ‘ಭಾರತದ ಪುರಾತನ ಮಂತ್ರ’ ಅಂತ ಬರದಾರ. ಮಂದಿ ಕಣ್ಣು ಮುಚ್ಚಿ, ಕಾಲು ಮಡಚಿ ಕುಂತು ಕೇಳಾಕತ್ತಾರ್ರಿ.”

“ಕೇಳಿದವ್ರು ಯಾರರೆ ಎದ್ದು ತಾಟು ತೊಳದಾರನ?”

“ಅದನ್ನೇನು ಬರದಿಲ್ರಿ.”

ಅಷ್ಟರಲ್ಲಿ ಪಣಜಿ ಬಸ್ಸು ಬಂತು. ಬಾಗಿಲಲ್ಲೇ ದೊಡ್ಡ ಬ್ಯಾಗು ಹೊತ್ತ ಬಿಳಿಯನೊಬ್ಬ ಅಡ್ಡ ನಿಂತಿದ್ದ.

“ಏ, ಅತ್ತಾಗ ಸರೀಲೇ!” ಎಂದು ಗುರುಬಾಯಿ ಗದರಿದಳು.

ಅವನು ಬೆಚ್ಚಿ ಅವಳ ಕಡೆ ತಿರುಗಿ, ಕಣ್ಣು ಮುಚ್ಚಿ ಭಕ್ತಿಯಿಂದ ಕೈ ಮುಗಿದ. ಇಬ್ಬರೂ ಅವನನ್ನು ತಳ್ಳಿಕೊಂಡೇ ಹತ್ತಿದರು. ಜಾಗ ಮಾತ್ರ ಅವನು ಬಿಡಲಿಲ್ಲ.