ಅಂಗೈಯಗಲದ ಪಿಸ್ತೂಲು

ದೀಪ ಸ್ವಲ್ಪ ಸಣ್ಣ ಮಾಡಿ. ಆರಿಸೋದು ಬೇಡ… ಸಣ್ಣ ಮಾಡಿದ್ರೆ ಸಾಕು. ಇದು ನಾನು ಎಲ್ಲೋ ಓದಿದ್ದಲ್ಲ. ನಮ್ಮ ಗೋಡೆಗೆ ಗೋಡೆ ಅಂಟಿಕೊಂಡಿರೋ ಮನೆಯಲ್ಲಿ ನಡೆದದ್ದು.

ಆ ಮನೆಯಲ್ಲಿರೋದು ಸೂಜಿಯಕ್ಕ. ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹೊಲಿಗೆ ಕೆಲಸ. ಹರಿದ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಡಾಕ್ಟರುಗಳ ಹಸಿರು ನಿಲುವಂಗಿ, ಎಲ್ಲ ಅವಳ ಮಿಷನ್ನಿನ ಕೆಳಗೇ ಬರಬೇಕು. ಅದಕ್ಕೇ ಆ ಹೆಸರು. ಪಾಳಿ ಮುಗಿಸಿ ಹೊರಡೋ ಹೊತ್ತಿಗೆ ರಾತ್ರಿ ಹತ್ತೂವರೆ. ದಾರಿಯಲ್ಲಿ ಒಂದು ಗೋದಾಮು. ಗೋದಾಮಿನ ಪಕ್ಕಕ್ಕೇ ಕಲ್ಲುಕಟ್ಟೆಯ ಹಾಳುಬಾವಿ.

ಆವತ್ತು ಬಾವಿ ದಾಟಿ ನಾಲ್ಕು ಹೆಜ್ಜೆ ಹಾಕಿರಬೇಕು. ಬೆನ್ನ ಹಿಂದೆ ಸದ್ದು.

ಸರ್ರ್… ಟಕ್.

ನಿಂತಳು. ಬಾಗಿಲ ಅಗಳಿಯಲ್ಲ. ಸೈಕಲ್ ಚೈನಲ್ಲ. ಎಣ್ಣೆ ಹಾಕಿದ ಉಕ್ಕು ಉಕ್ಕಿನ ಮೇಲೆ ಹಿಂದಕ್ಕೆ ಜಾರಿ, ಸ್ಪ್ರಿಂಗಿನ ಬಲಕ್ಕೆ ಮುಂದೆ ಬಂದು ಕೂತ ಸದ್ದು. ಹನ್ನೊಂದು ವರ್ಷ ಪ್ರತಿ ಭಾನುವಾರ ಕೇಳಿದ್ದು. ಗಂಡನ ಪಿಸ್ತೂಲಿನದು.

ಗಂಡ ಹೋಗಿ ನಾಲ್ಕು ವರ್ಷ. ಪಿಸ್ತೂಲು ಮನೆಯಲ್ಲಿ, ಟ್ರಂಕಿನಲ್ಲಿ, ಬೀಗದೊಳಗೆ.

"ಯಾರದು?" ಗೋದಾಮಿನ ಗೇಟಿನ ಸಂದಿಯಿಂದ ಕಾವಲುಗಾರ ಪಿಸುಗುಟ್ಟಿದ.

"ನಾನು ಕಣಪ್ಪ… ಆಸ್ಪತ್ರೆ ಹೊಲಿಗೆಯವಳು."

"ನಿಮಗೂ ಕೇಳಿಸ್ತಾ ಅಮ್ಮ?"

"ಏನು?"

ಅವನು ಬಾವಿ ಕಡೆ ನೋಡಿದ. "ಏನಿಲ್ಲ… ಬೇಗ ಮನೆ ಸೇರ್ಕೊಳ್ಳಿ."

ಅವಳ ಗಂಡ ಅದೇ ಗೋದಾಮಿನ ರಾತ್ರಿ ಕಾವಲಿಗಿದ್ದವನು. ಅವಳು ನಮಗೆ ಅಕ್ಕ ಅಂದ್ಮೇಲೆ ಅವನು ನಮಗೆಲ್ಲ ಭಾವ. ಅವರಜ್ಜನ ಕಾಲದ್ದು, ಅವರಪ್ಪನಿಂದ ಲೈಸೆನ್ಸಿನ ಸಮೇತ ಬಂದ ಪಿಸ್ತೂಲು ಅದು. ಅಂಗೈಯಗಲ. ಜೇಬಿನಲ್ಲಿದ್ದರೆ ಕನ್ನಡಕದ ಡಬ್ಬಿ ಅಂದ್ಕೋಬೇಕು. ಹಿಡಿಯ ಮರ ಮೂರು ತಲೆಮಾರಿನ ಕೈ ತಾಗಿ ನುಣುಪಾಗಿತ್ತು. ಒಂದು ದಿನಕ್ಕೂ ಭಾವ ಅದನ್ನ ಯಾರ ಕಡೆಗೂ ತೋರಿಸಿದವನಲ್ಲ. ಆದ್ರೆ ಆರೈಕೆ ಮಾತ್ರ ಕೂಸಿಗೆ ಮಾಡಿದ ಹಾಗೆ. ಭಾನುವಾರ ಬೆಳಿಗ್ಗೆ ಹಳೇ ಪಂಚೆ ಹಾಸಿ ಕೂತ ಅಂದ್ರೆ ಮುಗೀತು. ಗುಂಡಿನ ಡಬ್ಬಿ ಕಳಚಿ ಇಡೋದು. ನಳಿಕೆ ಖಾಲಿಯಿದೆಯಾ ಅಂತ ನೋಡೋದು. ಮತ್ತೊಂದು ಸಲ ನೋಡೋದು. "ಖಾಲಿ ಅಂತ ಗೊತ್ತಿದ್ರೂ ಎರಡು ಸಲ ನೋಡ್ಬೇಕು ಕಣೆ," ಅನ್ನೋನು. ಆಮೇಲೆ ಬ್ರಷ್ಷು, ಬಟ್ಟೆ ಚೂರು. ಕಡೆಗೆ ಎಣ್ಣೆ. "ಎಣ್ಣೆ ನಿನ್ನ ಇಲಾಖೆ," ಅಂತ ಮುಂದೆ ಸರಿಸೋನು. ಹೊಲಿಗೆ ಮಿಷನ್ನಿಗೆ ಹಾಕಿ ಹಾಕಿ ಪಳಗಿದ ಕೈ ಅಲ್ವಾ ಅವಳದ್ದು? ಸೂಜಿಮೊನೆಯಲ್ಲಿ ಒಂದು ತೊಟ್ಟು ಇಡೋಳು. ಅಷ್ಟೇ.

ಹಿಂದಕ್ಕೆ ಜಾರೋ ಮೇಲ್ಭಾಗದ ಒಳಗಿರೋ ಪಿನ್ನು, ಗುಂಡಿನ ತಳಕ್ಕೆ ಹೊಡೆಯುತ್ತಲ್ಲ ಅದು, ಅದನ್ನ ಮಾತ್ರ ಮನೆಯಲ್ಲಿ ಬಿಚ್ಚುತ್ತಿರಲಿಲ್ಲ. ಅದಕ್ಕೆ ವರ್ಷಕ್ಕೊಮ್ಮೆ ಮಿಸ್ತ್ರಿ ಬೇಕು. ಬಂದೂಕು ರಿಪೇರಿ ಮಾಡೋ ಮಿಸ್ತ್ರಿ, ಭಾವನ ಚಡ್ಡಿ ದೋಸ್ತ. ಸೂಜಿಯಕ್ಕನಿಗೆ ಒಡಹುಟ್ಟಿದವರಿಲ್ಲ. ಅವನನ್ನೇ ಅಣ್ಣ ಅಂತಿದ್ಲು. ಅವನೂ ಬಾಯ್ತುಂಬ ತಂಗಿ ಅಂತಿದ್ದ. ಭಾನುವಾರದ ಊಟ ಅಕ್ಕನ ಮನೇಲೇ.

ನಾಲ್ಕು ವರ್ಷದ ಹಿಂದೆ ಗೋದಾಮಿಗೆ ಕಳ್ಳರು ನುಗ್ಗಿದರು. ಮೂರು ಜನ, ಕಬ್ಬಿಣದ ಸರಳು ಹಿಡಿದು. ಭಾವ ಆ ಬಾವಿಕಟ್ಟೆಗೆ ಬೆನ್ನು ಕೊಟ್ಟು, ಜೀವಮಾನದಲ್ಲೇ ಮೊದಲ ಸಲ ಪಿಸ್ತೂಲಿನ ಕುದುರೆ ಎಳೆದ. ಟಕ್. ಮೇಲ್ಭಾಗ ಎಳೆದು ಬಿಟ್ಟು ಇನ್ನೊಂದು ಸಲ. ಟಕ್… ಗುಂಡು ಹಾರಲಿಲ್ಲ. ತಲೆ ಮೇಲೆ ಸರಳು ಬಿತ್ತು.

ದೊಡ್ಡಾಸ್ಪತ್ರೆಯಲ್ಲಿ ಎರಡು ದಿನ ಇದ್ದ. ಅವಳೇ ಹೊಲಿದ ಹಾಸಿಗೆ ಬಟ್ಟೆಯ ಮೇಲೆ ಮಲಗಿ ಒಂದೇ ಮಾತು. "ಟಕ್ ಅಂತು ಕಣೆ… ಟಕ್ ಅಂತು ಅಷ್ಟೇ."

ಊರಲ್ಲಿ ಬಂದೂಕು ಬಲ್ಲವನು ಅವನೊಬ್ಬನೇ ಅಂತ, ವಿಚಾರಣೆಯಲ್ಲಿ ಪಿಸ್ತೂಲು ಪರೀಕ್ಷೆ ಮಾಡಿದವನು ಮಿಸ್ತ್ರಿಯೇ. ತಲೆ ತಗ್ಗಿಸಿಕೊಂಡು ಹೇಳಿದ. "ಎಣ್ಣೆ ಜಾಸ್ತಿಯಾಗಿದೆ. ಒಳಗೆ ಜಿಡ್ಡು ಕಟ್ಟಿ ಏಟು ಕೂತಿಲ್ಲ."

ಎಣ್ಣೆ ಯಾರು ಹಾಕ್ತಿದ್ರು ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಅತ್ತೆ ಆವತ್ತಿನಿಂದ ಸೊಸೆ ಕೈಯ ನೀರು ಮುಟ್ಟಲಿಲ್ಲ. ಕಣ್ಮುಚ್ಚೋವರೆಗೂ.

ಲೈಸೆನ್ಸು ತನ್ನ ಹೆಸರಿಗೆ ಮಾಡಿಸಿಕೊಂಡು, ಭಾನುವಾರ ಭಾನುವಾರ ಅವಳೇ ಪಂಚೆ ಹಾಸಿ ಕೂರೋಳು. ನಳಿಕೆ ಎರಡು ಸಲ ನೋಡೋಳು. ಎಣ್ಣೆ ಬಾಟಲಿ ಎತ್ತಿ, ಮುಚ್ಚಳ ತೆಗೆಯದೆ ಹಾಗೇ ಕೆಳಗಿಡೋಳು.

ಆ ರಾತ್ರಿ ಮನೆಗೆ ಬಂದಳಲ್ಲ… ಟ್ರಂಕಿನ ಬೀಗ ಹಾಕಿದ ಹಾಗೇ ಇದೆ. ಆದ್ರೆ ಹೊಲಿಗೆ ಮಿಷನ್ನಿನ ಪಕ್ಕ ನೆಲದ ಮೇಲೆ ಪಂಚೆ ಹಾಸಿದೆ. ಅದರ ಮೇಲೆ ಪಿಸ್ತೂಲು. ಬಿಚ್ಚಿ, ತುಂಡು ತುಂಡಾಗಿ, ಭಾವ ಇಡ್ತಿದ್ದ ಸಾಲಿನಲ್ಲೇ.

ಕೂಗಲಿಲ್ಲ ಅವಳು. ಜೋಡಿಸಿ, ಟ್ರಂಕಿನಲ್ಲಿಟ್ಟು, ಬೀಗ ಹಾಕಿ, ಬೀಗದ ಕೈ ಬಾಯಿಗೆ ಕಚ್ಚಿಕೊಂಡು ಬೆಳಗಾಗೋವರೆಗೂ ಕೂತಳು. ಮಾರನೇ ರಾತ್ರಿಯೂ ಅದೇ. ಬಾವಿ ಹತ್ತಿರ ಸದ್ದು. ಮನೆಯಲ್ಲಿ ಪಂಚೆ.

ಮೂರನೇ ದಿನ ರಜೆ ಹಾಕಿ, ದೀಪ ಆರಿಸಿ, ಗೋಡೆಗೊರಗಿ ಕಾದಳು. ಹನ್ನೊಂದು ಹೊಡೀತು. ಬಟ್ಟೆ ಕೊಡವಿ ಹಾಸಿದ ಸದ್ದು… ಫಟ್. ಆಮೇಲೆ ಸರ್ರ್… ಟಕ್. ಬ್ರಷ್ಷು ನಳಿಕೆಯೊಳಗೆ ಓಡಾಡೋ ಸದ್ದು… ಕಿರ್, ಕಿರ್, ಕಿರ್.

"ನನ್ನ ಮೇಲೆ ಸಿಟ್ಟಾ?" ಅಂದಳು. ಉಸಿರಿನಷ್ಟೇ ಮೆಲ್ಲಗೆ. "ನಾನು ಒಂದೇ ತೊಟ್ಟು ಹಾಕಿದ್ದು ಕಣ್ರೀ… ನಿಮ್ಮಾಣೆಗೂ ಒಂದೇ ತೊಟ್ಟು."

ಬ್ರಷ್ಷು ನಿಂತಿತು.

ಆಮೇಲೆ ಟಿಣ್… ಅಂತ ಏನೋ ನೆಲಕ್ಕೆ ಬಿತ್ತು. ಉರುಳಿತು. ಉರುಳ್ತಾ ಬಂದು ಅವಳ ಕಾಲ್ಬೆರಳಿಗೆ ತಾಗಿ ನಿಂತಿತು. ತಣ್ಣಗೆ.

ದೀಪ ಹಾಕಿದಳು. ಯಾರೂ ಇಲ್ಲ. ಕಾಲ ಹತ್ತಿರ ಆ ಪಿನ್ನು. ಮನೆಯಲ್ಲಿ ಯಾವತ್ತೂ ಬಿಚ್ಚದೇ ಇದ್ದದ್ದು.

ಬೆಳಕಿಗೆ ಹಿಡಿದಳು. ಒಂದು ತುದಿಯಲ್ಲಿ ಅರ ಉಜ್ಜಿದ ಗೆರೆ. ಇನ್ನೊಂದು ತುದಿ ಬೆಂಕಿಗೆ ಹಿಡಿದದ್ದಕ್ಕೆ ನೀಲಿಗೆ ತಿರುಗಿ, ಮೆತ್ತಗಾಗಿ, ಚಪ್ಪಟೆಯಾಗಿದೆ. ಬೆರಳ ನಡುವೆ ಹೊರಳಿಸಿ ನೋಡಿದಳು. ಇಪ್ಪತ್ತು ವರ್ಷ ಸೂಜಿ ಹಿಡಿದವಳು. ಅದು ಪಿಸ್ತೂಲಿನ ಪಿನ್ನೇ ಅಲ್ಲ. ಗೋಣಿಚೀಲ ಹೊಲಿಯೋ ದಬ್ಬಳ. ಕತ್ತರಿಸಿದ ದಬ್ಬಳ. ಗುಂಡಿಗೆ ಗಟ್ಟಿ ಏಟು ಕೊಡೋ ಶಕ್ತಿಯೇ ಇಲ್ಲದ್ದು.

ನೆನಪಾಯ್ತು. ಭಾವ ಹೋಗೋಕೆ ಆರು ತಿಂಗಳು ಮುಂಚೆ, ವರ್ಷದ ರಿಪೇರಿಗೆ ಪಿಸ್ತೂಲು ಕೊಟ್ಟಿದ್ದ ವಾರ, ಮಿಸ್ತ್ರಿ ಬಾಗಿಲಲ್ಲಿ ನಿಂತು ಕೇಳಿದ್ದ. "ತಂಗಿ, ಒಂದು ದಬ್ಬಳ ಇದ್ರೆ ಕೊಡಮ್ಮ. ಚೀಲ ಹೊಲೀಬೇಕು."

ಹುಡುಕಿ, ಒಳ್ಳೇದನ್ನೇ ಆರಿಸಿ, ತನ್ನ ಕೈಯಾರೆ ಕೊಟ್ಟಿದ್ದಳು.

ಬೆಳಿಗ್ಗೆ ಮಿಸ್ತ್ರಿಯ ಅಂಗಡಿ ಬಾಗಿಲು ತೆಗೆಯೋ ಮೊದಲೇ ಹೋಗಿ ನಿಂತಳು. ಅಂಗೈ ಚಾಚಿದಳು. ಮಿಸ್ತ್ರಿ ಕನ್ನಡಕ ಏರಿಸಿ ನೋಡಿದ… ಸ್ಟೂಲಿನ ಮೇಲೆ ಕುಸಿದು ಕೂತ.

"ಅಸಲಿ ಪಿನ್ನು ನನ್ನ ಕೈಯಲ್ಲೇ ಮುರೀತು ತಂಗಿ. ಹಳೇ ಮಾಡೆಲ್ಲು, ಎಲ್ಲೂ ಸಿಗಲಿಲ್ಲ. ಕೆಲಸ ಕೆಡಿಸಿದೆ ಅಂತ ಅವನ ಮುಂದೆ ಹೇಗೆ ಹೇಳಲಿ? ಸಿಗೋವರೆಗೆ ಇರಲಿ ಅಂತ… ಅವನು ಯಾವತ್ತೂ ಹಾರಿಸೋನಲ್ವಲ್ಲ ಅಂತ…"

"ಅದು ಇರಲಿ," ಅಂದಳು ಸೂಜಿಯಕ್ಕ. "ಎಣ್ಣೆ ಅಂದ್ಯಲ್ಲ."

ಅವನು ಕನ್ನಡಕ ತೆಗೆದು ಮಡಿಚಿಟ್ಟ.

"ನನ್ನ ಎಣ್ಣೆ ಅಂದ್ಯಲ್ಲ. ಅಂದು, ಆ ಭಾನುವಾರವೇ ಬಂದು ನಮ್ಮನೇಲಿ ಉಂಡ್ಯಲ್ಲ. ನಾನು ಅತ್ತಾಗ ತಲೆ ಸವರಿ, ಆಗಿದ್ದಾಯ್ತು ಬಿಡಮ್ಮ ಅಂದ್ಯಲ್ಲ. ನಾಲ್ಕು ವರ್ಷ ನನ್ನ ಕೈ ನೋಡಿದ್ರೆ ನನಗೇ ಹೇಸಿಗೆ. ಗೊತ್ತಿದ್ದೂ ನೋಡ್ತಾ ಕೂತಿದ್ಯಲ್ಲ?"

"ತಪ್ಪಾಯ್ತು ತಂಗಿ…"

"ಹಾಗೆ ಕರೀಬೇಡಿ," ಅಂದಳು. ಅಣ್ಣ ಅನ್ನೋದೂ ನೀನು ಅನ್ನೋದೂ ಅಲ್ಲಿಗೇ ಮುಗೀತು. "ಏಳಿ ಮಿಸ್ತ್ರಿಗಳೇ. ಠಾಣೆಗೆ ಬಂದು ಬರೆದು ಕೊಡಿ."

ಬಂದ. ಬರೆದು ಕೊಟ್ಟ. ಅಂಗಡಿಯ ಲೈಸೆನ್ಸು ಹೋಯ್ತು. ಯಾವುದೋ ದೂರದ ನೆಂಟರ ಮನೆಗೆ ಹೋದ ಅಂತಾರೆ, ಅಕ್ಕ ವಿಚಾರಿಸಲಿಲ್ಲ. ಅವಳು ಬರೆಸಿಕೊಂಡು ಬಂದ ಕಾಗದದ ನಕಲನ್ನ ಅತ್ತೆಯ ಫೋಟೋ ಮುಂದೆ ಇಟ್ಟು, ಗಟ್ಟಿಯಾಗಿ, ಮೊದಲಿಂದ ಕೊನೇವರೆಗೂ ಓದಿದ್ದನ್ನ ನಾವು ಗೋಡೆಯೀಚೆ ಕೇಳಿಸಿಕೊಂಡ್ವಿ. ಓದಿ ಮುಗಿಸಿ ಅತ್ತಳು. ದುಃಖಕ್ಕಲ್ಲ, ಮೋಸಹೋದೆನಲ್ಲ ಅನ್ನೋ ಉರಿಗೆ. ಹಲ್ಲು ಕಚ್ಚಿಕೊಂಡು ಅಳೋ ಸದ್ದು ಬೇರೆ ಥರ ಇರುತ್ತೆ.

ಪಿಸ್ತೂಲನ್ನ ಠಾಣೆಗೇ ಒಪ್ಪಿಸಿಬಿಟ್ಟಳು. ಅವರು ಬಟ್ಟೆ ಚೀಲಕ್ಕೆ ಹಾಕಿ, ಅರಗು ಒತ್ತಿ, ಕಬ್ಬಿಣದ ಬೀರುವಿನಲ್ಲಿ ಇಟ್ಟರು. ಮನೆಯಲ್ಲಿ ಸದ್ದು ನಿಂತಿತು. ಬಾವಿ ಹತ್ತಿರವೂ ಅಷ್ಟೇ.

ಆ ಠಾಣೆಯ ಗುಮಾಸ್ತ ನನ್ನ ಷಡ್ಡಕ. ವರ್ಷಕ್ಕೊಂದು ಸಲ ಬೀರು ತೆಗೆದು ಎಣಿಸಬೇಕು ಅವನು. ಚಳಿಗಾಲದ ಬೆಳಿಗ್ಗೆ, ಕೈ ಸೆಟೆದುಕೊಳ್ಳೋ ಹೊತ್ತು. ಉಳಿದ ಬಂದೂಕುಗಳನ್ನ ಮುಟ್ಟಿದರೆ ಮಂಜುಗಡ್ಡೆ ಮುಟ್ಟಿದ ಹಾಗೆ. ಆ ಚೀಲ ಎತ್ತಿಕೊಂಡನಂತೆ. ಅರಗು ಒಡೆದಿರಲಿಲ್ಲ. ಬೀರುವಿನ ಬೀಗ ವರ್ಷದಿಂದ ಯಾರೂ ತೆಗೆದಿರಲಿಲ್ಲ.

ಚೀಲ ಬೆಚ್ಚಗಿತ್ತು. ಯಾರೋ ಆಗಷ್ಟೇ ಅಂಗೈಯಿಂದ ಇಳಿಸಿ ಇಟ್ಟ ಹಾಗೆ.

ಅವನು ಕತೆ ಕಟ್ಟೋ ಪೈಕಿ ಅಲ್ಲ. ಕಳೆದ ಸಲ ನಾನೂ ಜೊತೆಗೆ ಹೋಗಿದ್ದೆ… ಮುಟ್ಟಿದ್ದೀನಿ. ಈ ಕೈಯಲ್ಲೇ.