ತೆರಿಗೆಯವರು ಕೇಳದ ಪ್ರಶ್ನೆ

ವಿಟ್ಲದ ತೆರಿಗೆ ಸಲಹೆಗಾರ ದೇವಿಪ್ರಸಾದರ ಕಚೇರಿಯಲ್ಲಿ ಸರದಿ ಕಾಯುತ್ತಿದ್ದ ವಾರಿಜಾ ಟೀಚರ ಕಿವಿ, ಬೇಡವೆಂದರೂ ಸಲಹೆಗಾರರ ಮೇಜಿನೆದುರು ಕೂತಿದ್ದ ರಶೀನಾಳ ಮಾತಿನ ಕಡೆಗೇ ಹೋಯಿತು.

"ಅಮೆರಿಕದಲ್ಲಿ ಮದುವೆಯಾದವರಿಗೆ ತೆರಿಗೆಯ ಸ್ಲ್ಯಾಬೇ ಬೇರೆಯಂತೆ, ಹೌದಾ ಸರ್?"

"ಹೌದು, ಅಲ್ಲಿ ಗಂಡ ಹೆಂಡತಿ ಒಟ್ಟಿಗೆ ಲೆಕ್ಕ ಕೊಡ್ಲಿಕ್ಕೆ ಉಂಟು. ಇಲ್ಲಿ ಮದುವೆಯಾದ್ರೂ ಒಂದೇ, ಆಗದಿದ್ರೂ ಒಂದೇ. ನಿಮ್ಮ ಸಂಬಳಕ್ಕೆ ನಿಮ್ಮದೇ ತೆರಿಗೆ."

"ಫಾರ್ಮಿನಲ್ಲಿ ಗಂಡನ ಹೆಸರು ಬರೀಬೇಕಾ ಸರ್?"

"ಬೇಡ. ತಂದೆಯ ಹೆಸರು ಸಾಕು."

"ಗಂಡ ಯಾಕೆ ಬಿಟ್ಟುಹೋದ, ಈಗ ಎಲ್ಲಿದ್ದಾನೆ ಅಂತ ಕೇಳುವುದಿಲ್ವಾ?"

"ಇಲ್ಲಮ್ಮ, ಯಾರೂ ಕೇಳುವುದಿಲ್ಲ."

ರಶೀನಾ ಆಗಷ್ಟೇ ಕುರ್ಚಿಗೆ ಒರಗಿದಳು. "ಹಾಗಾದ್ರೆ ತೆರಿಗೆಯವರೇ ಒಳ್ಳೆಯವರು ಸರ್. ನಮ್ಮಲ್ಲಿ ಮೀನು ತರ್ಲಿಕ್ಕೆ ಹೋದ್ರೂ ಕೇಳ್ತಾರೆ."

ಅವಳು ಎದ್ದು ಹೊರಟಾಗ, 'ನಿನ್ನ ಗಂಡ ಎಲ್ಲಿಯವನಮ್ಮಾ?' ಎಂಬ ಮಾತು ಟೀಚರ ನಾಲಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡು, ಕಾಲು ಮಡಚಿ ದಾರಿ ಬಿಟ್ಟರು.